ಯಾವ ದೂರು ದಾವೆಯಾದೀತು?

ನಿಮ್ಮ ರೇಡಿಯೋದ ಸಂಗೀತವನ್ನು ನೆರೆಮನೆಯವರು ತಮ್ಮ ಜಗಲಿಯಲ್ಲಿ ಕುಳಿತು ಪುಕ್ಕಟೆಯಾಗಿ ಕೇಳುತ್ತಾರೆಂದು ನೀವು ನ್ಯಾಯಸ್ಥಾನದ ಮೆಟ್ಟಿಲು ಹತ್ತಬಹುದೆ? ನಗಬೇಡಿ. ಇಂಥದೇ ಪ್ರಶ್ನೆಯನ್ನು ಸುಮಾರು ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದ ವಿಜ್ಞಾನೇಶ್ವರನು ವಿಚಾರ ಮಾಡಿದ್ದಾನೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಈತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದ ಹೆಸರನ್ನು ಆಸ್ತಿಯ ಪಾಲುಪಾರಿಕತ್ತಿನ ಸಂದರ್ಭದಲ್ಲಿ ನೀವು ಕೇಳಿರಬಹುದು. ಅದರ ವ್ಯವಹಾರಾಧ್ಯಾಯದ ಮೊದಲ ಭಾಗವನ್ನು ಓದುವವರು ಮಾತ್ರ ಕಡಮೆ.

ಸ್ಮೃತಿಗೂ ಆಚಾರಕ್ಕೂ ವಿರುದ್ಧವಾದ ರೀತಿಯಲ್ಲಿ ಪರರಿಂದ ಪೀಡೆಗೊಳಗಾದವನು ತಾನಾಗಿ ಬಂದು ಅರಿಕೆ ಮಾಡಿಕೊಂಡರೆ ಅದು ವ್ಯಾಜ್ಯ. ಘೋರ ಅಪರಾಧಗಳ ಮಾತು ಬೇರೆ. ಉಳಿದಂತೆ ದೊರೆಯಾಗಲಿ ಅವನ ಅಧಿಕಾರಿಯಾಗಲಿ ಮೊಕದ್ದಮೆಯನ್ನು ತಾವೇ ಹುಟ್ಟಿಸಕೂಡದು.

ಬಂದ ದೂರೆಲ್ಲ ದಾವೆಯಾಗಲಾರದು. ‘ನನ್ನ ಮೊಲದ ಕೊಂಬನ್ನು ಒಯ್ದವನು ಹಿಂದಕ್ಕೆ ಕೊಡಲಿಲ್ಲ’ ಎಂದರೆ ಆ ವಸ್ತುವೇ ಲೋಕದಲ್ಲಿಲ್ಲ. ಮೂಕನು ತನ್ನನ್ನು ಶಪಿಸಿದನೆಂಬ ಮಾತು ತನಗೆ ತಾನೇ ವಿರುದ್ಧ. ನಮ್ಮ ಮನೆಯ ದೀಪದ ಬೆಳಕಿನಲ್ಲಿ ಪಕ್ಕದವನು ತನ್ನ ಕೆಲಸ ಮಾಡಿಕೊಳ್ಳುತ್ತಾನೆಂದರೆ ನಮಗಾದ ಹಾನಿಯೇನು? (ರೇಡಿಯೋದ ಪ್ರಶ್ನೆಗೆ ಉತ್ತರ ಇಲ್ಲಿಯೇ ಉಂಟು.) ‘ಹುಬ್ಬು ಕುಣಿಸಿ ನನ್ನನ್ನು ನೋಡಿ ನಕ್ಕನು’ ಎಂಬ ದೂರು ನಿಜವೇ ಇರಬಹುದು, ಆದರೆ ಕ್ಷಣದಲ್ಲಿ ಮುಗಿದುಹೋದ ಅದಕ್ಕೆ ಸಾಕ್ಷಿಯೆಲ್ಲಿ, ಪತ್ರವೆಲ್ಲಿ? ವಿಜ್ಞಾನೇಶ್ವರನು ಒಣ ಪಂಡಿತನಲ್ಲ, ಬೀದಿಜಗಳಗಳನ್ನು ಚೆನ್ನಾಗಿ ಕಂಡವನು ಎಂದು ನನಗೆ ತೋರುತ್ತದೆ.

ದೂರು ಯೋಗ್ಯವಾದರೂ ಹೊತ್ತು ಮೀರಬಾರದು. ಒಡೆಯನು ಕಣ್ಣಾರೆ ಕಂಡೂ ಸುಮ್ಮನಿರಲು, ಅವನ ಭೂಮಿಯನ್ನು ಪರನು 20 ವರ್ಷ ಅನುಭವಿಸಿದರೆ ಹಾನಿಯೆಂದು ಸ್ಮೃತಿ ಹೇಳುತ್ತದೆ. ಯಾವುದರ ಹಾನಿ? ಮೌನದಿಂದ ಒಡೆತನ ಹೋಗದು, ಹೋಗುವುದು ಬೆಳೆಯ ಮೇಲಿನ ಹಕ್ಕು ಮಾತ್ರ ಎಂದು ವಿಜ್ಞಾನೇಶ್ವರನ ತೀರ್ಮಾನ. ಹಿಂದಿನ ಫಸಲನ್ನು ಕೇಳುವಂತಿಲ್ಲ, ನೆಲವನ್ನು ಕೇಳಬಹುದು.

ಇಂದಿನ ಕಾನೂನು ಇಷ್ಟು ಮೃದುವಲ್ಲ. 1963ರ ಕಾಲಮಿತಿ ಕಾಯಿದೆಯಂತೆ, ಖಾಸಗಿ ಭೂಮಿಯನ್ನು ಒಡೆಯನ ಹಕ್ಕಿಗೆ ಎದುರಾಗಿ, ಬಹಿರಂಗವಾಗಿ, ಎಡೆಬಿಡದೆ 12 ವರ್ಷ ಪರನು ಇಟ್ಟುಕೊಂಡಿದ್ದು, ಒಡೆಯನು ಅಷ್ಟರೊಳಗೆ ದಾವೆ ಹೂಡದಿದ್ದರೆ, ಅವನ ಹಕ್ಕೇ ಅಳಿಯುತ್ತದೆ. ಊರು ಬಿಟ್ಟು ನೌಕರಿಗೆ ಹೋದವರು ತಮ್ಮ ಹಿತ್ತಿಲಿನ ಬೇಲಿಯನ್ನು ಆಗಾಗ ಬಂದು ನೋಡುವುದು ಲೇಸು.

ಬಾಯಿಲ್ಲದವರ ಗತಿಯೇನು? ಮಕ್ಕಳ, ಬುದ್ಧಿಮಂದರ, ಸ್ತ್ರೀಯರ ಸ್ವತ್ತನ್ನೂ ಒತ್ತೆಯನ್ನೂ ಗಡಿಯನ್ನೂ ಸ್ಮೃತಿಯು ಈ 20 ವರ್ಷದ ಲೆಕ್ಕದಿಂದ ಹೊರಗಿಟ್ಟಿತ್ತು. ಅಪ್ರಾಪ್ತವಯಸ್ಕರಿಗೂ ಬುದ್ಧಿಸ್ವಾಧೀನವಿಲ್ಲದವರಿಗೂ ಈಗಿನ ಕಾಯಿದೆಯೂ ವಿನಾಯಿತಿ ಕೊಟ್ಟಿದೆ.