ರೈತನ ಹೊಲಕ್ಕೆ ಬಂದ ಸಲಹೆ: ನಮ್ಮ ಎರೆನಾಡಿನ ಒಂದು ಇತಿಹಾಸ



ಕಳೆದ ಹಿಂಗಾರಿಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಮಡಚಿದ ಕಾಗದವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. "ಸರ್, ಇದರಾಗ ಏನ್ ಬರದಾರ ಅಂತ ಅಬ್ಬಾ ಕೇಳ್ಯಾರ" ಎಂದ. ಅದು ಅವರ ಹೊಲದ ಮಣ್ಣು ಆರೋಗ್ಯ ಕಾರ್ಡ್. ಎರಡು ವರ್ಷದಿಂದ ಗೋಡೆಯ ಮೊಳೆಗೆ ಸಿಕ್ಕಿಸಿಟ್ಟಿದ್ದರಂತೆ. ಸಾರಜನಕ ಕಡಿಮೆ, ಪೊಟ್ಯಾಷ್ ಸಾಕಷ್ಟಿದೆ, ಸತುವಿನ ಕೊರತೆಯಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹುಡುಗನ ತಂದೆ ನಿರಕ್ಷರಿಯಲ್ಲ. ಉರ್ದು ಚೆನ್ನಾಗಿ ಓದುತ್ತಾರೆ. ಕನ್ನಡ ಮಾತಾಡುತ್ತಾರೆ, ಓದಲು ಮಾತ್ರ ಬಾರದು. ಹೀಗಾಗಿ ಎರಡು ವರ್ಷ ಅಂಗಡಿಯವರು ಕೊಟ್ಟ ಗೊಬ್ಬರವನ್ನೇ ಹಾಕಿದರು. ಅದಕ್ಕಾಗಿ ಸಾಲವನ್ನೂ ಮಾಡಿದರು.

ಆ ಕಾಗದ ಸರಕಾರಿ ಕಚೇರಿಯಿಂದ ಅವರ ಮನೆಯವರೆಗೆ ಬಂದಿತ್ತು. ಗೋಡೆಯಿಂದ ಹೊಲಕ್ಕೆ ಹೋಗಲಿಲ್ಲ. ಈ ಕೊನೆಯ ನಾಲ್ಕು ಹೆಜ್ಜೆಯ ದೂರ ಇಂದಿನದಲ್ಲ. ಅದಕ್ಕೆ ನೂರೆಂಬತ್ತು ವರ್ಷಗಳ ಇತಿಹಾಸವಿದೆ. ರೋಣ, ನರಗುಂದ, ಗಜೇಂದ್ರಗಡದ ನಮ್ಮ ನೆಲದಲ್ಲಿಯೇ ಆ ಇತಿಹಾಸದ ಮುಖ್ಯ ಘಟನೆಗಳು ನಡೆದಿವೆ. ಅದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮಾತಿನಲ್ಲಿರುವ ಇತಿಹಾಸ

ಎರಡು ಭಾಷೆ ಕಲಿಸುವವನಾದ್ದರಿಂದ ಮೊದಲು ಕೆಲವು ಶಬ್ದಗಳನ್ನು ನೋಡೋಣ. 'ರೈತ' ಎಂಬ ಶಬ್ದ ಅರಬಿ ಮೂಲದ 'ರಯ್ಯತ್' ಎಂಬುದರಿಂದ ಬಂದದ್ದು. ಪ್ರಜೆ, ಯಾರದೋ ಪಾಲನೆಯಲ್ಲಿರುವವನು ಎಂದು ಅದರ ಅರ್ಥ. ಹಳೆಯ ಕಾಗದಪತ್ರಗಳಲ್ಲಿ ಬರುವ 'ತಗಾವಿ' ಸಾಲವೂ ಹಾಗೆಯೇ. ಅದರ ಮೂಲದಲ್ಲಿ 'ಕುವ್ವತ್', ಅಂದರೆ ಬಲ ಎಂಬ ಅರ್ಥವಿದೆ. ಬೀಜ, ಎತ್ತು, ಬಾವಿಗಾಗಿ ರೈತನಿಗೆ ಬಲ ಕೊಡುವ ಸಾಲ ಅದು. ಬ್ರಿಟಿಷರು ಈ ಹಳೆಯ ಪದ್ಧತಿಯನ್ನೇ 1883 ಮತ್ತು 1884ರ ಸಾಲದ ಕಾಯಿದೆಗಳಲ್ಲಿ ಮುಂದುವರಿಸಿದರು.

'ಖರೀಫ್' ಎಂದರೆ ಶರತ್ಕಾಲ, 'ರಬೀ' ಎಂದರೆ ವಸಂತ. ಇವೆರಡೂ ಬೆಳೆ ಕೊಯ್ಲಿಗೆ ಬರುವ ಕಾಲದ ಹೆಸರುಗಳು. ನಮ್ಮ ರೈತ ಮಾತ್ರ ಮುಂಗಾರಿ, ಹಿಂಗಾರಿ ಎನ್ನುತ್ತಾನೆ. ಇವು ಮಳೆ ಬರುವ ಕಾಲದ ಹೆಸರುಗಳು. ಕಚೇರಿಯ ಕಣ್ಣು ರಾಶಿಯ ಮೇಲೆ, ರೈತನ ಕಣ್ಣು ಮುಗಿಲಿನ ಮೇಲೆ. ಕೃಷಿ ಸಲಹೆಯ ಇತಿಹಾಸವನ್ನು ಓದುವಾಗ ಈ ವ್ಯತ್ಯಾಸವನ್ನು ನೀವು ನೆನಪಿನಲ್ಲಿಡಬೇಕು.

ಅಮೆರಿಕದ ಬೀಜ

ನಮ್ಮ ಭಾಗಕ್ಕೆ ಸರಕಾರದ ಕೃಷಿ ಸಲಹೆ ದೊಡ್ಡ ಪ್ರಮಾಣದಲ್ಲಿ ಮೊದಲು ಬಂದದ್ದು ಹತ್ತಿಗಾಗಿ. ಇಂಗ್ಲೆಂಡಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ ದೇಶದ ಹಲವೆಡೆ ಪ್ರಯೋಗ ಮಾಡಿಸಿತು. ಬಹುತೇಕ ಕಡೆ ಅದು ಸೋತಿತು. ಧಾರವಾಡ ಜಿಲ್ಲೆಯಲ್ಲಿ ಮಾತ್ರ ಗೆದ್ದಿತು. 1842ರ ಸುಮಾರಿಗೆ ಹುಬ್ಬಳ್ಳಿಯ ಕಡೆ ನ್ಯೂ ಓರ್ಲಿಯನ್ಸ್ ಬೀಜ ಬಿತ್ತಲಾಯಿತು. ಆಗಿನ ಕಲೆಕ್ಟರ್ ಎ. ಎನ್. ಶಾ ಇದರಲ್ಲಿ ವಿಶೇಷ ಆಸಕ್ತಿ ವಹಿಸಿದ್ದರು. ಮುಂಗಾರು ಮತ್ತು ಹಿಂಗಾರು ಎರಡೂ ಮಳೆಯ ಪಾಲು ಸಿಗುವ ನಮ್ಮ ಎರೆಭೂಮಿ ಆ ಬೀಜಕ್ಕೆ ಒಗ್ಗಿತು. 'ಧಾರವಾಡ-ಅಮೆರಿಕನ್' ಎಂಬ ಹೆಸರಿನಲ್ಲಿ ಆ ಹತ್ತಿ ಪೇಟೆಯಲ್ಲಿ ಪ್ರಸಿದ್ಧವಾಯಿತು.

ಆದರೆ ಹೊಸ ಬೀಜದೊಂದಿಗೆ ಹೊಸ ತೊಂದರೆಯೂ ಬಂತು. ಅಮೆರಿಕನ್ ಹತ್ತಿಯ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ. ನಮ್ಮ ಹೆಣ್ಣುಮಕ್ಕಳು ಕುಮಟಾ ಹತ್ತಿಯನ್ನು ಹಿಂಜಿ ಬೀಜ ಬಿಡಿಸುತ್ತಿದ್ದ ಸಾಧನ ಇದಕ್ಕೆ ನಡೆಯಲಿಲ್ಲ. ಗರಗಸದ ಹಲ್ಲಿನ ಜಿನ್ ಯಂತ್ರಗಳು ಬೇಕಾದವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಹತ್ತಿಯ ಬೆಲೆ ಮುಗಿಲು ಮುಟ್ಟಿತು. ಪೇಟೆಯಲ್ಲಿ ಕಲಬೆರಕೆ ಎಷ್ಟು ಹೆಚ್ಚಿತೆಂದರೆ ಅದನ್ನು ತಡೆಯಲು 1863ರಲ್ಲಿ ಮುಂಬಯಿ ಸರಕಾರ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಯುದ್ಧ ಮುಗಿದ ಕೂಡಲೇ ಬೆಲೆ ಕುಸಿಯಿತು. ಮುಂದೆ 1876-78ರ ಭೀಕರ ಬರ ಬಂತು. ಬೆಲೆ ಇಳಿದಾಗ ಏನು ಮಾಡಬೇಕು, ಮಳೆ ಕೈಕೊಟ್ಟಾಗ ಏನು ಮಾಡಬೇಕು ಎಂಬ ಸಲಹೆ ಬೀಜದ ಜೊತೆಗೆ ಬಂದಿರಲಿಲ್ಲ.

ಬರದ ನಂತರ 1880ರ ಬರಗಾಲ ಆಯೋಗವು ಪ್ರತಿ ಪ್ರಾಂತಕ್ಕೂ ಕೃಷಿ ಇಲಾಖೆ ಇರಬೇಕೆಂದು ಹೇಳಿತು. ಇಂದಿನ ಕೃಷಿ ಇಲಾಖೆಯ ಬೇರು ಅಲ್ಲಿದೆ.

ರೈತರೇ ಕಟ್ಟಿದ ದಾರಿ

ಇನ್ನು ನಮ್ಮ ಜಿಲ್ಲೆಯ ಹೆಮ್ಮೆಯ ಪುಟ. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನಾಯಕತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಅದು ಹೆಸರಾಗಿದೆ. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ಊರವರೇ ಹಣ ಕೂಡಿಸಿ, ಊರವರಿಗೇ ಸಾಲ ಕೊಡುವ ವ್ಯವಸ್ಥೆ ಅದು. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರ ಸಂಘ ಆರಂಭವಾಯಿತು. ನಂತರ ಗದಗದಲ್ಲಿಯೂ ಆಯಿತು.

ಇದೇ ಕಾಲದಲ್ಲಿ ಧಾರವಾಡದಲ್ಲಿ ಜಿ. ಎಲ್. ಕೊಟ್ಟೂರರಂಥ ಹತ್ತಿ ತಜ್ಞರು ತಳಿ ಸುಧಾರಣೆಯ ಕೆಲಸದಲ್ಲಿದ್ದರು. ಗದಗ-1, ಜಯವಂತ ಮುಂತಾದ ತಳಿಗಳು ಬಂದವು. ಶುದ್ಧ ಬೀಜ ಬಿತ್ತಿದ ರೈತ ತನ್ನ ಹತ್ತಿಯನ್ನು ಸಂಘಕ್ಕೆ ತರುತ್ತಿದ್ದ. ಅಲ್ಲಿ ದರ್ಜೆ ನೋಡಿ ಹರಾಜು ಮಾಡುತ್ತಿದ್ದರು. ಒಳ್ಳೆಯ ಹತ್ತಿಗೆ ಒಳ್ಳೆಯ ಬೆಲೆ ಎಂಬುದು ರೈತನ ಕಣ್ಣೆದುರೇ ತಿಳಿಯುತ್ತಿತ್ತು. ಸಾಲ, ಬೀಜ ಮತ್ತು ಮಾರಾಟ ಈ ಮೂರೂ ಒಂದಕ್ಕೊಂದು ಕೂಡಿಕೊಂಡಾಗ ರೈತ ಸಲಹೆಯನ್ನು ತಾನಾಗಿ ಒಪ್ಪಿಕೊಂಡ. ವಿದ್ಯಾರ್ಥಿಗಳೇ, ಈ ಮಾತನ್ನು ಗುರುತು ಹಾಕಿಕೊಳ್ಳಿರಿ. ಮುಂದೆ ಇದು ಬೇಕಾಗುತ್ತದೆ.

ಒಣ ಬೇಸಾಯದ ಪಾಠವೂ ಆಗಲೇ ಬಂದದ್ದು. 1933ರಲ್ಲಿ ಸೊಲ್ಲಾಪುರ, ವಿಜಾಪುರಗಳಲ್ಲಿ ಒಣ ಬೇಸಾಯದ ಸಂಶೋಧನೆ ಆರಂಭವಾಯಿತು. ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಿ ಮಣ್ಣನ್ನೂ ನೀರನ್ನೂ ಹಿಡಿಯುವ ಕೆಲಸಕ್ಕೆ 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆ ಬಲ ಕೊಟ್ಟಿತು. ಗಜೇಂದ್ರಗಡದ ಗುಡ್ಡದ ಕೆಳಗಿನ ಹೊಲಗಳಲ್ಲಿ ನಡೆದು ನೋಡಿರಿ, ಒಡ್ಡಿನ ಬೆಲೆ ಏನೆಂದು ತಿಳಿಯುತ್ತದೆ.

ಗ್ರಾಮಸೇವಕ ಬಂದ

ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಧಾರವಾಡದ ಕೃಷಿ ಕಾಲೇಜು ಆರಂಭವಾಯಿತು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾಗಿ, ಮುಂದೆ ರೈತರ ಕಾರ್ಯಕ್ರಮಗಳು ಮನೆಮನೆಗೆ ಬಂದವು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ, ಮರುವರ್ಷ ರಾಷ್ಟ್ರೀಯ ವಿಸ್ತರಣಾ ಸೇವೆ ಜಾರಿಗೆ ಬಂದವು. 'ವಿಸ್ತರಣೆ' ಎಂಬ ಶಬ್ದ ಸರಕಾರಿ ಕನ್ನಡಕ್ಕೆ ಬಂದದ್ದು ಹೀಗೆ. ಪ್ರಯೋಗಶಾಲೆಯ ಅರಿವನ್ನು ಹೊಲದವರೆಗೆ ಚಾಚುವುದು ಎಂದು ಇದರ ಅರ್ಥ. ಆ ಕೆಲಸಕ್ಕೆ ಸೈಕಲ್ ಏರಿ ಬಂದವನೇ ಗ್ರಾಮಸೇವಕ.

ನಮ್ಮ ದಾದಾ ಹೇಳುತ್ತಿದ್ದರು: ಗ್ರಾಮಸೇವಕ ಬಂದರೆ ಊರಿನ ಚಾವಡಿಯಲ್ಲಿ ಕೂರುತ್ತಿದ್ದ, ದೊಡ್ಡ ಹಿಡುವಳಿಯವರು ಸುತ್ತ ಕೂರುತ್ತಿದ್ದರು. ಲಾವಣಿಗೆ ಹೊಲ ಮಾಡಿದವರು ದೂರ ನಿಂತು ಕೇಳುತ್ತಿದ್ದರು. ಕೇಳಿಸಿದಷ್ಟೇ ಅವರ ಪಾಲು. 1970ರ ದಶಕದ ಕೊನೆಗೆ ವಿಶ್ವಬ್ಯಾಂಕಿನ ನೆರವಿನಿಂದ 'ತರಬೇತಿ ಮತ್ತು ಭೇಟಿ' ಪದ್ಧತಿ ಬಂತು. ಸಹಾಯಕ ಹದಿನೈದು ದಿನಕ್ಕೊಮ್ಮೆ ಗೊತ್ತಾದ ದಿನ ಬಂದು 'ಸಂಪರ್ಕ ರೈತ'ನಿಗೆ ಹೇಳಬೇಕು, ಅವನು ಉಳಿದವರಿಗೆ ತಿಳಿಸಬೇಕು. ಪದ್ಧತಿ ಒಳ್ಳೆಯದೇ. ಆದರೆ ಸಂಪರ್ಕ ರೈತರಾದವರು ಹೆಚ್ಚಾಗಿ ಉಳ್ಳವರೇ ಆದರು ಎಂಬ ಟೀಕೆ ದೇಶದ ಹಲವೆಡೆ ಕೇಳಿಬಂತು.

1980ರ ಪಾಠ

1972ರ ವರ್ಷ ನಮ್ಮ ಭಾಗಕ್ಕೆ ಎರಡು ದೊಡ್ಡ ಸಂಗತಿಗಳನ್ನು ತಂದಿತು. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭಾ ಅಣೆಕಟ್ಟು ಸಿದ್ಧವಾಯಿತು. ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ವರಲಕ್ಷ್ಮಿ ಹತ್ತಿಯನ್ನು ಹೊರತಂದರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೇಸಾಯಕ್ಕೆ ತಂದ ಮೊದಲ ಹೈಬ್ರಿಡ್ ಅದು. ಕಾಲುವೆಯ ನೀರು, ಹೊಸ ಬೀಜ ಎರಡೂ ಸೇರಿ ನರಗುಂದ, ನವಲಗುಂದದ ಹೊಲಗಳು ಬದಲಾದವು. ಜೋಳ, ಕಡಲೆ, ಕುಸುಬೆಯ ನೆಲದಲ್ಲಿ ಬಿಳಿ ಬಂಗಾರ ಬೆಳೆಯಿತು.

ಆದರೆ ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು. ಗೊಬ್ಬರ, ಔಷಧಿಗೆ ಸಾಲ ಮಾಡಬೇಕು. ಎರೆಭೂಮಿಗೆ ಲೆಕ್ಕವಿಲ್ಲದೆ ನೀರು ಬಿಟ್ಟರೆ ಸವಳು-ಜವಳು ಆಗುತ್ತದೆ. ಹತ್ತಿಯ ಬೆಲೆ ಇಳಿಯಿತು, ಸಾಲ ಉಳಿಯಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ತಲುಪಲಿಲ್ಲ. ಇಷ್ಟರ ಮೇಲೆ ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿದೆ ಎಂದು ಸರಕಾರ ಬೆಟರ್‌ಮೆಂಟ್ ಲೆವಿ ಕೇಳಿತು. ಕರದ ನೋಟಿಸು ಪ್ರತಿ ಮನೆಗೂ ಬಂತು. ಸಂಕಟವನ್ನು ಹೇಳಿಕೊಳ್ಳುವ ದಾರಿ ಮಾತ್ರ ರೈತನಿಗೆ ಸಿಗಲಿಲ್ಲ.

1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಚಳವಳಿ ಸ್ಫೋಟಗೊಂಡಿತು. ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ನರಗುಂದದಲ್ಲಿ ಪೊಲೀಸರೂ ಸಾವಿಗೀಡಾದರು. ಚಳವಳಿ ರಾಜ್ಯಕ್ಕೆಲ್ಲ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಇಂದಿಗೂ ಪ್ರತಿ ಜುಲೈ 21ರಂದು ನರಗುಂದದಲ್ಲಿ ರೈತ ಹುತಾತ್ಮರನ್ನು ನೆನೆಯುತ್ತಾರೆ.

ಈ ಘಟನೆಯನ್ನು ರಾಜಕೀಯದ ದೃಷ್ಟಿಯಿಂದ ಹಲವರು ಬರೆದಿದ್ದಾರೆ. ನಾನು ಶಿಕ್ಷಕನಾಗಿ ನೋಡುವುದು ಇಷ್ಟು: ಬೀಜ ಬಂತು, ನೀರು ಬಂತು, ಸಾಲವೂ ಬಂತು. ಬೆಲೆಯ ಭರವಸೆ ಬರಲಿಲ್ಲ, ರೈತನ ಮಾತು ತಿರುಗಿ ಕಚೇರಿಗೆ ಹೋಗಲಿಲ್ಲ. 1915ರ ಹತ್ತಿ ಸಂಘದಲ್ಲಿ ಕೂಡಿಕೊಂಡಿದ್ದ ಎಳೆಗಳು ಇಲ್ಲಿ ಬಿಚ್ಚಿಹೋಗಿದ್ದವು. ಸಲಹೆ ಎಂಬುದು ಎರಡು ಕಡೆ ನಡೆಯುವ ರಸ್ತೆ. ಒಂದೇ ಕಡೆ ನಡೆದರೆ ಅದು ಆಜ್ಞೆಯಾಗುತ್ತದೆ.

ಇಂದು ಏನೇನಿದೆ

ಇಂದು ಸೌಲಭ್ಯಗಳಿಗೆ ಕೊರತೆಯಿಲ್ಲ. 1986ರ ಅಕ್ಟೋಬರ್ 1ರಂದು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿ ನಡೆಯುವ ಕೃಷಿ ಮೇಳಕ್ಕೆ ನಮ್ಮ ಊರುಗಳಿಂದಲೂ ಗಾಡಿ ತುಂಬ ಜನ ಹೋಗುತ್ತಾರೆ. ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. 2000ದಿಂದೀಚೆಗೆ ಹೋಬಳಿಗೊಂದರಂತೆ ರೈತ ಸಂಪರ್ಕ ಕೇಂದ್ರಗಳು ಬಂದಿವೆ. ಬೀಜ, ಸಲಕರಣೆ, ಸಲಹೆ ಅಲ್ಲಿ ದೊರೆಯುತ್ತವೆ. 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಆರಂಭವಾಯಿತು. 1800-180-1551ಕ್ಕೆ ಹಣವಿಲ್ಲದೆ ಫೋನ್ ಮಾಡಿ ಕನ್ನಡದಲ್ಲಿಯೇ ಕೇಳಬಹುದು. 2015ರಿಂದ ಮಣ್ಣು ಆರೋಗ್ಯ ಕಾರ್ಡ್ ಇದೆ. 2018ರಿಂದ ಗಜೇಂದ್ರಗಡವೇ ತಾಲೂಕಾಗಿರುವುದರಿಂದ ಆ ಭಾಗದವರಿಗೆ ತಾಲೂಕು ಕೆಲಸಕ್ಕೆ ರೋಣಕ್ಕೆ ಓಡಾಡುವುದು ಕಡಿಮೆಯಾಗಿದೆ.

ಹಾಗಾದರೆ ಆ ಹುಡುಗನ ಮನೆಯ ಕಾಗದ ಎರಡು ವರ್ಷ ಮೊಳೆಯ ಮೇಲೇಕೆ ಉಳಿಯಿತು? ಒಂದು ಕಾರಣ ಭಾಷೆ. ಬೀಜದ ಚೀಲದ ಮೇಲಿನ ಚೀಟಿ, ಬೆಳೆ ವಿಮೆಯ ಕೊನೆಯ ದಿನಾಂಕ, ಪಹಣಿ, ಅರ್ಜಿ ಎಲ್ಲವೂ ನಮಗೆ ಬರುವುದು ಬಹುಮಟ್ಟಿಗೆ ಕನ್ನಡದಲ್ಲಿ. ನಮ್ಮ ಸಮಾಜದ ಎಷ್ಟೋ ರೈತರು ಕನ್ನಡದಲ್ಲಿ ವ್ಯಾಪಾರ ಮಾಡುತ್ತಾರೆ, ಜಗಳ ಮಾಡುತ್ತಾರೆ, ನಗುತ್ತಾರೆ, ಆದರೆ ಓದಲಾರರು. ಇನ್ನೊಂದು ಕಾರಣ ಲಾವಣಿ. ಪಹಣಿಯಲ್ಲಿ ಹೆಸರಿಲ್ಲದವನಿಗೆ ರಿಯಾಯಿತಿಯ ಬೀಜವೂ ಪರಿಹಾರವೂ ಸಿಗುವುದು ಕಷ್ಟ. ಎರಡನೆಯದಕ್ಕೆ ಸರಕಾರ ದಾರಿ ಕಾಣಬೇಕು. ಮೊದಲನೆಯದನ್ನು ನಾವೇ ಸರಿಪಡಿಸಬಹುದು.

ಉರ್ದು ಬಿಡಿರಿ ಎಂದು ನಾನು ಹೇಳುತ್ತಿಲ್ಲ. ನಾನೇ ಅದನ್ನು ಕಲಿಸುವವನು. ಉರ್ದು ನಮ್ಮ ಮನೆಯ ಭಾಷೆ, ಕನ್ನಡ ನಮ್ಮ ನೆಲದ ಭಾಷೆ. ರೈತನಿಗೆ ಮನೆಯೂ ಬೇಕು, ನೆಲವೂ ಬೇಕು.

ವಿದ್ಯಾರ್ಥಿಗಳೇ, ಇಂದು ಸಂಜೆ ಮನೆಗೆ ಹೋದಾಗ ಒಂದು ಕೆಲಸ ಮಾಡಿರಿ. ನಿಮ್ಮ ಅಬ್ಬಾ, ಚಾಚಾ ಅಥವಾ ನೆರೆಮನೆಯವರ ಬಳಿ ಇರುವ ಜಮೀನಿನ ಕಾಗದಗಳನ್ನು ಕೇಳಿ ತೆಗೆದುಕೊಂಡು ಗಟ್ಟಿಯಾಗಿ ಓದಿ ಹೇಳಿರಿ. ತಿಳಿಯದ ಶಬ್ದವನ್ನು ಬರೆದುಕೊಂಡು ಶಾಲೆಗೆ ತನ್ನಿರಿ. ಸಂಸ್ಥೆಯ ಸದಸ್ಯರಲ್ಲಿಯೂ ನನ್ನದೊಂದು ವಿನಂತಿ. ಮುಂಗಾರಿಗೆ ಮೊದಲು ಒಂದು ದಿನ, ಹಿಂಗಾರಿಗೆ ಮೊದಲು ಒಂದು ದಿನ ನಮ್ಮ ಶಾಲೆಯ ಕೊಠಡಿಯನ್ನು ರೈತರಿಗಾಗಿ ತೆರೆಯೋಣ. ಸಂಪರ್ಕ ಕೇಂದ್ರದ ಅಧಿಕಾರಿಗಳನ್ನು ಕರೆಯೋಣ. ಯಾವ ಜಾತಿ, ಯಾವ ಧರ್ಮದ ರೈತರೇ ಆಗಲಿ, ಬಂದು ಕೂರಲಿ. ಅವರ ಕಾಗದ ಓದಿ ಹೇಳುವುದಷ್ಟೇ ಅಲ್ಲ, ಅವರ ದೂರನ್ನೂ ಬರೆದು ಕಳಿಸೋಣ.

ಆ ಹುಡುಗ ಅಂದು ಕಾರ್ಡಿನಲ್ಲಿದ್ದುದನ್ನು ನನ್ನಿಂದ ಉರ್ದುವಿನಲ್ಲಿ ಬರೆಸಿಕೊಂಡು ಹೋದ. ಮರುದಿನ ಬಂದು, "ಸರ್, ಮುಂದಿನ ಸಲ ನಾನೇ ಓದತೀನಿ, ಕನ್ನಡ ಓದೂದು ಇನ್ನೊಮ್ಮೆ ಹೇಳಿಕೊಡ್ರಿ" ಎಂದ. ಈಗ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಕೂರುತ್ತಾನೆ. ಅವನ ಜೊತೆ ಇನ್ನೂ ಮೂವರು ಸೇರಿದ್ದಾರೆ.