ಭಂಗಾರದೊಳಗಿನ ಜಸ್ತ

ನಮ್ಮ ಮಿರಜ ಕಡೆ ಮರಾಠಿ ಮಂದಿ ಮುರುಕು ಸಾಮಾನಿಗೆ ‘ಭಂಗಾರ’ ಅಂತಾರ. ಕನ್ನಡದವರಿಗೆ ಬಂಗಾರ ಅಂದ್ರ ಚಿನ್ನ. ಭಂಗಾರದ ಗಾಡಿ ಓಣಿಯೊಳಗೆ ಕೂಗುತ್ತ ಬಂದರೆ ಹೊಸದಾಗಿ ಬಂದ ಸೊಸೆಯಂದಿರು ನಗುವುದುಂಟು. ಆ ಭಂಗಾರದಾಗ ಜಸ್ತ ಎಲ್ಲಿರತೈತಿ ಅನ್ನೋದು ನಾವು ಹುಡುಗರಿದ್ದಾಗ ಕಲಿತ ವಿದ್ಯೆ. ಶಾಲೆ ಪುಸ್ತಕದಾಗ ಇದಕ್ಕೆ ಸತು ಅಂತ ಬರೀತಾರ.

ಆಗ ರಾತ್ರಿ ನೀರು ಹಾಯಿಸಲು ಹೋಗುವವರ ಕೈಯಲ್ಲಿ ಬ್ಯಾಟರಿ. ತೀರಿದ ಸೆಲ್ಲು ತಿಪ್ಪಿಗೆ. ಅದನ್ನು ಆರಿಸಿ ತಂದು ಮೇಲಿನ ಹೊದಿಕೆ ಸುಲಿದರೆ ಒಳಗೆ ಬೂದಿಬಣ್ಣದ ಡಬ್ಬಿ, ಅದೇ ಜಸ್ತ. ಬೆಳಕು ಕೊಡುತ್ತ ಕೊಡುತ್ತ ಡಬ್ಬಿ ತಾನೇ ಸವೀತೈತಿ, ಅದಕ್ಕೇ ಹಳೆ ಸೆಲ್ಲು ಸೋರೋದು. ಈಗಿನ ಅಲ್ಕಲೈನ್ ಸೆಲ್ಲಿಗೆ ಹೊರಗ ಉಕ್ಕು, ಒಳಗ ಜಸ್ತದ ಪುಡಿ ಮತ್ತು ಸುಡುವ ಕ್ಷಾರ. ಅದನ್ನು ಒಡೆಯಬಾರದು. ಹಳೆ ಕಾರ್ಬುರೇಟರ್, ಬಾಗಿಲ ಹಿಡಿಕೆ, ಆಟಿಗೆಯ ಕಾರು, ಇವುಗಳಲ್ಲಿ ಎಷ್ಟೋ ಜಸ್ತದ ಎರಕ. ನೋಡಲು ಅಲ್ಯುಮಿನಿಯಂ ಹಾಂಗ, ತೂಕ ಅದರ ಎರಡೂವರೆ ಪಟ್ಟು.

ಈ ಲೋಹ ಎಲ್ಲಿಂದ ಬಂತು ಅಂತ ನಾವು ಆಗ ಕೇಳಲಿಲ್ಲ. ಓದಿ ತಿಳಿದದ್ದು ಆಮ್ಯಾಲ. ರಾಜಸ್ಥಾನದ ಉದಯಪುರದ ಹತ್ತಿರ ಜಾವರ ಅಂತ ಊರೈತಿ. ಯುರೋಪಿನವರಿಗಿಂತ ನೂರಾರು ವರ್ಷ ಮೊದಲೇ ಅಲ್ಲಿ ಜಸ್ತ ತೆಗೀತಿದ್ದರು. ಭಟ್ಟಿಯ ಕಾವಿಗೆ ಇದು ಹಬೆಯಾಗಿ ಹಾರಿಹೋಗತೈತಿ. ಅದಕ್ಕ ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು ಬೋರಲು ಕೂಡಿಸಿ, ಹಬೆಯನ್ನು ಕೆಳಗಿನ ತಂಪು ಪಾತ್ರೆಗೆ ಇಳಿಸಿ ಹಿಡಿದರು. ಎಂಥಾ ತಲಿ ನೋಡ್ರಿ! ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ ಪೇಟೆಂಟ್ ಪಡೆದದ್ದು 1738ರಲ್ಲಿ.

ನಮ್ಮ ಬೀದರದವರು ಜಸ್ತಕ್ಕೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಮೇಲೆ ಬೆಳ್ಳಿ ತಂತಿ ಕೂಡಿಸಿ, ಕೋಟೆಯ ಹಳೆ ಮಣ್ಣು, ನವಸಾಗರ ಹಾಕಿದ ನೀರಾಗ ಅದ್ದತಾರ. ಜಸ್ತ ಕಪ್ಪಾಗತೈತಿ, ಬೆಳ್ಳಿ ಹಾಂಗೇ ಹೊಳೀತೈತಿ. ಈ ಬಿದರಿ ಕೆಲಸಕ್ಕೆ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ನಮ್ಮದು ಹುಡುಗಾಟ. ಜಸ್ತ 419 ಡಿಗ್ರಿಗೆ ಕರಗತೈತಿ, ಇದ್ದಲಿ ಬೆಂಕಿ, ಕಬ್ಬಿಣದ ಸೌಟು ಸಾಕು. ಭಜನಿಗೆ ತಾಳ ಮಾಡೋಣಂತ ಒಣಗಿದ ಅಚ್ಚಿಗೆ ಹೊಯ್ದೆವು. ಅಚ್ಚು ಹಸಿ ಇದ್ದರೆ ಲೋಹ ಸಿಡಿದು ಮುಖಕ್ಕೇ ಬರತೈತಿ. ಬಡಿದರೆ ತಾಳ ಖಣ್ ಅನ್ನಲಿಲ್ಲ, ಥಪ್ ಅಂದಿತು. ದನಿಗೆ ಕಂಚೇ ಬೇಕು.

ಒಮ್ಮೆ ಸೆಲ್ಲು ಸಾಲದೆ ನನ್ನ ಓರಗೆಯವನೊಬ್ಬ ಜಸ್ತದ ಬಕೀಟು ಒಡೆದು ತಂದ. ಅದು ಹೆಸರಿಗಷ್ಟೇ ಜಸ್ತದ್ದು. ಒಳಗೆಲ್ಲ ಕಬ್ಬಿಣ, ಜಸ್ತ ಮೇಲಿನ ತೊಗಲು. ಕರಗಲೊಲ್ಲದಂತ ತಿದಿ ಊದಿ ಕೆಂಪಗ ಕಾಸಿದ. ಬಿಳಿ ಹೊಗೆ ಅರಳೆಯಂತೆ ಹಾರಿತು. ಅಂದು ರಾತ್ರಿ ಅವನಿಗೆ ಗಡಗಡ ಚಳಿ, ಜ್ವರ, ಎದಿ ಬಿಗಿತ. ಮನೆಯವರು ಮಲೇರಿಯಾ ಅಂದುಕೊಂಡರು. ಎರಡು ದಿನದಾಗ ಇಳಿಯಿತು, ಪುಣ್ಯ. ಹಿತ್ತಾಳೆ ಎರಕದವರಿಗೆ, ಜಿ.ಐ. ಪೈಪ್ ವೆಲ್ಡಿಂಗ್ ಮಾಡುವವರಿಗೆ ಈ ಹೊಗೆಜ್ವರ ಗೊತ್ತಿರತೈತಿ.

ಈಗ ಮೊಮ್ಮಗ ಮೊಬೈಲ್ ನೋಡಿ ಹಿತ್ತಲದಾಗ ಸಾಮಾನು ಕೂಡಿಸ್ಯಾನ. ಪತ್ರಾ ತುಂಡು, ಪೈಪು ಎಲ್ಲ ಆರಿಸಿ ಭಂಗಾರದವನಿಗೆ ಕೊಟ್ಟೆ. ಹಿಡಿಕೆ ಎರಡು ಉಳಿಸೀನಿ, ಅವನ್ನು ಬಯಲಾಗ, ನನ್ನ ಎದುರಿಗೇ ಕರಗಿಸಬೇಕು. ನಮ್ಮ ಆ ಥಪ್ ಅನ್ನುವ ತಾಳ ಈಗಲೂ ಐತಿ. ಭಜನಿ ಪುಸ್ತಕದ ಹಾಳಿ ಗಾಳಿಗೆ ಹಾರಬಾರದಂತ ಮ್ಯಾಲ ಇಡತೀನಿ.