ತಕ್ಕಡಿಗೆ ಹಾಕಿದ ಸ್ಕೂಲ್ ಬ್ಯಾಗು

ಮೊನ್ನೆ ಬೆಳಗ್ಗೆ ಹಳೇ ಪೇಪರಿನವನು ಬಂದಿದ್ದ. ಪೇಪರೆಲ್ಲ ತೂಗಿದ ಮೇಲೆ, ನೋಡೇ ಬಿಡೋಣ ಅಂತ ಮೊಮ್ಮಗಳ ಬ್ಯಾಗನ್ನ ಅವನ ಕೊಕ್ಕೆ ತಕ್ಕಡಿಗೆ ನೇತುಹಾಕಿಸಿದೆ. ಊಟದ ಡಬ್ಬಿ, ನೀರಿನ ಬಾಟಲಿ ಸಮೇತ 5 ಕೆಜಿ 600 ಗ್ರಾಂ! "ಇದನ್ನೂ ಹಾಕ್ತೀರಾ ಅಮ್ಮ?" ಅಂತ ಅವನು ನಕ್ಕ. ನನಗೆ ನಗು ಬರಲಿಲ್ಲ. ಮಗು ಓದ್ತಿರೋದು ಮೂರನೇ ಕ್ಲಾಸು, ಅವಳ ತೂಕ 21 ಕೆಜಿ. ಅಷ್ಟರಲ್ಲಿ ವ್ಯಾನಿನ ಹಾರನ್ ಕೇಳ್ತು, ಅವಳು ಅದನ್ನೇ ಹೊತ್ಕೊಂಡು ಮುಂದಕ್ಕೆ ಬಾಗಿ ಓಡಿದಳು.

ಅವಳು ಹೋದ ಮೇಲೆ ಯೋಚನೆ ಬಂತು. ಈ ಹೊರೆ ಯಾವಾಗಿಂದ ಶುರುವಾಯ್ತು?

ನಮ್ಮ ತಾತ ಕೂಲಿಮಠದಲ್ಲಿ ಕಲಿತವರು. ನೆಲದ ಮೇಲೆ ಮರಳು ಹರಡಿ ಬೆರಳಲ್ಲೇ ಅಕ್ಷರ ತಿದ್ದಿಸ್ತಿದ್ರಂತೆ. ಕೈ ಬೀಸ್ಕೊಂಡು ಹೋಗೋದು, ಕೈ ಬೀಸ್ಕೊಂಡು ಬರೋದು. ನಮ್ಮ ಕಾಲಕ್ಕೆ, ಅಂದ್ರೆ 1970ರ ದಶಕದ ಕೊನೇಲಿ, ಒಂದು ಸ್ಲೇಟು, ಬಳಪ, ಒಂದೆರಡು ಪುಸ್ತಕ. ಅವ್ವ ಹಳೇ ಬಟ್ಟೇಲಿ ಹೊಲಿದ ಕೈಚೀಲ. ಮಧ್ಯಾಹ್ನಕ್ಕೆ ಇಸ್ಕೂಲಲ್ಲೇ ಕೇರ್ ಉಪ್ಪಿಟ್ಟು ಕೊಡೋರು, ಡಬ್ಬಿ ಬೇಕಿರಲಿಲ್ಲ. ಬಾಯಾರಿದ್ರೆ ಬೋರಿನ ನೀರು. ಆ ಕಾಲವೇ ಚೆಂದ ಅಂತ ನಾನು ಹೇಳಲ್ಲ ಕಣ್ರಮ್ಮ, ಎಷ್ಟೋ ಹೆಣ್ಣುಮಕ್ಕಳು ನಾಲ್ಕನೇ ಕ್ಲಾಸಿಗೇ ಬಿಟ್ರು. ಆದ್ರೆ ಚೀಲದಿಂದ ಬೆನ್ನು ನೋವು ಅಂತ ಯಾರೂ ಅಳಲಿಲ್ಲ.

ಆಮೇಲೆ ಕಾನ್ವೆಂಟ್‌ಗಳು ಬಂದವು. ಒಂದೊಂದು ವಿಷಯಕ್ಕೂ ಪುಸ್ತಕ ಬೇರೆ, ಕ್ಲಾಸ್‌ವರ್ಕು ಬೇರೆ, ಹೋಂವರ್ಕು ಬೇರೆ. ಕೈಚೀಲ ಹೋಗಿ ಬೆನ್ನಿನ ಬ್ಯಾಗು ಬಂತು. ಬ್ಯಾಗು ಭಾರ ಇದ್ದಷ್ಟೂ ಓದು ಜೋರು ಅಂತ ನಾವೂ ಹೆಮ್ಮೆ ಪಟ್ಟಿದ್ದುಂಟು.

ಇದು ತಪ್ಪು ಅಂತ ದೆಹಲಿಯಲ್ಲಿ ಎದ್ದು ನಿಂತು ಹೇಳಿದವರು ನಮ್ಮ ಮೈಸೂರಿನವರೇ, ಆರ್.ಕೆ. ನಾರಾಯಣ್. ಶಂಕರ್‌ನಾಗ್ ಟೀವೀಲಿ ತೋರಿಸಿದ 'ಮಾಲ್ಗುಡಿ ಡೇಸ್' ನೆನಪಿದೆಯಲ್ಲ, ಆ ಸ್ವಾಮಿ ಅನ್ನೋ ಹುಡುಗನ ಕತೆ ಬರೆದವರು. ಅವರ ತಂದೆ ಹೈಸ್ಕೂಲ್ ಹೆಡ್‌ಮಾಸ್ಟರು. ನಾರಾಯಣ್ ಅವರನ್ನ ರಾಜ್ಯಸಭೆಗೆ ನಾಮಕರಣ ಮಾಡಿದ್ರು. 1989ರಲ್ಲಿ ಅಲ್ಲಿ ಅವರು ಮಾಡಿದ ಮೊದಲ ಭಾಷಣ ರಸ್ತೆ ಬಗ್ಗೆ ಅಲ್ಲ, ಅಣೆಕಟ್ಟಿನ ಬಗ್ಗೆ ಅಲ್ಲ, ಮಕ್ಕಳ ಸ್ಕೂಲ್ ಬ್ಯಾಗಿನ ಬಗ್ಗೆ! ಬ್ಯಾಗಿನ ಭಾರಕ್ಕೆ ಮಕ್ಕಳು ಬೆನ್ನು ಬಗ್ಗಿಸಿ, ಕೈ ಮುಂದಕ್ಕೆ ಇಳಿಬಿಟ್ಟು ನಡೀತವೆ, ಈ ಹೊರೆ ಇಳಿಸಿ ಅಂತ ಕೇಳಿದ್ರು.

ಮಾತು ವ್ಯರ್ಥ ಆಗಲಿಲ್ಲ. 1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶ್ ಪಾಲ್ ಅವರ ಮುಂದಾಳತ್ವದಲ್ಲಿ ಒಂದು ಸಮಿತಿ ಮಾಡಿತು, 1993ರಲ್ಲಿ ವರದಿ ಬಂತು. ಪಠ್ಯಪುಸ್ತಕ ಶಾಲೆಯ ಆಸ್ತಿಯಾಗಿ ಶಾಲೆಯಲ್ಲೇ ಇರಲಿ, ಮಕ್ಕಳು ದಿನಾ ಹೊತ್ತು ತಿರುಗೋದು ಬೇಡ ಅಂತ ಅದರಲ್ಲಿತ್ತು. ಇನ್ನೊಂದು ದೊಡ್ಡ ಮಾತು, ಬೆನ್ನಿನ ಭಾರಕ್ಕಿಂತ ಅರ್ಥವಾಗದ್ದನ್ನ ಕಲಿಯೋ ಭಾರ ಹೆಚ್ಚು ಕೆಟ್ಟದ್ದು ಅನ್ನೋದು.

ಈಗ ನನ್ನ ತಪ್ಪು ಹೇಳ್ತೀನಿ. ಆ ವರದಿ ಬಂದು ಆರು ವರ್ಷಕ್ಕೆ ನನ್ನ ಮಗಳು ಒಂದನೇ ಕ್ಲಾಸಿಗೆ ಸೇರಿದಳು. ನನಗೆ ವರದಿ ಗೊತ್ತಿಲ್ಲ, ಅವಳ ಸ್ಕೂಲಿನವರೂ ಆ ಮಾತೆತ್ತಲಿಲ್ಲ. ಐದನೇ ಕ್ಲಾಸಲ್ಲಿ ಅವಳು "ಅಮ್ಮಾ, ಹೆಗಲು ಉರೀತೈತೆ" ಅಂತ ದಿನಾ ಅನ್ನೋಳು. ಸ್ಕೂಲು ತಪ್ಪಿಸೋ ನೆಪ ಅಂದ್ಕೊಂಡೆ. ರಾತ್ರಿ ಹರಳೆಣ್ಣೆ ತಿಕ್ಕಿ, ಬೆಳಗ್ಗೆ ಅದೇ ಬ್ಯಾಗು ಹೆಗಲಿಗೇರಿಸಿ ಕಳಿಸ್ದೆ. ಒಂದು ದಿನವಾದ್ರೂ ಆ ಬ್ಯಾಗನ್ನ ನಾನು ಎತ್ತಿ ನೋಡಲಿಲ್ಲ.

ನಮ್ಮ ಕರ್ನಾಟಕದಲ್ಲಿ ತೂಕ ಇಷ್ಟೇ ಇರಬೇಕು ಅಂತ ಆದೇಶ ಬಂದದ್ದು 2019ರ ಮೇ ತಿಂಗಳಲ್ಲಿ. ಅಡುಗೆಮನೆ ಗೋಡೆ ಮೇಲೆ ಬರೆದಿಟ್ಕೊಳ್ಳಿ:

1, 2ನೇ ತರಗತಿ: ಒಂದೂವರೆಯಿಂದ 2 ಕೆಜಿ
3ರಿಂದ 5: 2ರಿಂದ 3 ಕೆಜಿ
6ರಿಂದ 8: 3ರಿಂದ 4 ಕೆಜಿ
9, 10: 4ರಿಂದ 5 ಕೆಜಿ

ಒಂದು, ಎರಡನೇ ಕ್ಲಾಸಿನ ಮಕ್ಕಳಿಗೆ ಹೋಂವರ್ಕ್ ಇಲ್ಲ, ತಿಂಗಳ ಮೂರನೇ ಶನಿವಾರ ಬ್ಯಾಗೇ ಇಲ್ಲ ಅಂತಲೂ ಅದರಲ್ಲಿದೆ. 2020ರಲ್ಲಿ ಕೇಂದ್ರದ ನೀತಿ ಬಂತು. ಮಗುವಿನ ತೂಕದ ನೂರಕ್ಕೆ ಹತ್ತು ಪಾಲು ದಾಟಬಾರದು ಅನ್ನುತ್ತೆ ಅದು. ನಮ್ಮ ಆದೇಶವನ್ನ 2023ರಲ್ಲಿ ಮತ್ತೊಮ್ಮೆ ಹೊರಡಿಸಿದ್ರು. ಮೊದಲನೆಯದು ಪಾಲನೆ ಆಗಿದ್ರೆ ಎರಡನೇ ಸಲ ಯಾಕೆ ಬೇಕಿತ್ತು ಹೇಳಿ!

ನಮ್ಮ 21 ಕೆಜಿ ಮಗು ಹೊರಬೇಕಾದ್ದು ಹೆಚ್ಚೂಕಮ್ಮಿ 2 ಕೆಜಿ, ಹೊರ್ತಿದ್ದದ್ದು 5 ಕೆಜಿ 600. ಎಳೇ ಬೆನ್ನು ಅದು, ಇನ್ನೂ ಬೆಳೀತಿರೋ ಮೂಳೆ. ಭಾರ ಹಿಂದಕ್ಕೆ ಎಳೆದಾಗ ಮಗು ಬೀಳದಂಗೆ ಮುಂದಕ್ಕೆ ಬಾಗುತ್ತೆ, ಆಗ ಕತ್ತು, ಹೆಗಲು, ಸೊಂಟ ಎಲ್ಲ ಬಿಗಿಯುತ್ತೆ.

ಅವತ್ತು ಸಂಜೆ ಬ್ಯಾಗನ್ನ ಚಾಪೆ ಮೇಲೆ ಸುರಿದ್ವಿ. ಟೈಮ್‌ಟೇಬಲಲ್ಲಿ ಇಲ್ಲದ ನಾಲ್ಕು ಪುಸ್ತಕ. ಬರೆದು ಮುಗಿದಿದ್ದ ಎರಡು ನೋಟ್‌ಬುಕ್ಕು. ಹೋದ ತಿಂಗಳ ರೈನ್‌ಕೋಟು. ಅಂಗಳದಿಂದ ಆರಿಸಿದ ಮೂರು ಕಲ್ಲು! ಒಂದು ಲೀಟರ್ ಬಾಟಲಿ ಅಂದ್ರೆ ನೀರೇ ಒಂದು ಕೆಜಿ. ಅವರ ಸ್ಕೂಲಲ್ಲಿ ಫಿಲ್ಟರ್ ಐತೆ, ಅರ್ಧ ಲೀಟರಿನದ್ದು ಸಾಕು. ದಪ್ಪ ಪುಸ್ತಕ ಬೆನ್ನಿಗೆ ಅಂಟಿದಂಗೆ ಇಟ್ಟು, ಎರಡೂ ಪಟ್ಟಿ ಬಿಗಿ ಮಾಡಿದೆ. ಒಂದೇ ಹೆಗಲಿಗೆ ಹಾಕ್ಕೊಂಡ್ರೆ ಮೈ ಒಂದು ಕಡೆ ವಾಲುತ್ತೆ, ಸೊಂಟದ ಕೆಳಗೆ ಜೋತಾಡಿದ್ರೆ ಇನ್ನೂ ಭಾರ.

ಮಿಕ್ಕಿದ್ದು ಮನೇಲಿ ಆಗೋದಲ್ಲ. ಮಗಳು ಕೆಲಸಕ್ಕೆ ಹೋಗ್ತಾಳೆ, ಅದಕ್ಕೆ ನಾನೇ ಪಕ್ಕದ ಮನೆ ಇಬ್ಬರು ತಾಯಂದಿರನ್ನ ಕರ್ಕೊಂಡು ಸ್ಕೂಲಿಗೆ ಹೋದೆ. ಜಗಳ ಮಾಡಲಿಲ್ಲ. ಆದೇಶದ ಪ್ರತಿ ಮೇಜಿನ ಮೇಲಿಟ್ಟು, "ಮಿಸ್, ಒಂದು ಬ್ಯಾಗು ಎತ್ತಿ ನೋಡಿ" ಅಂದೆ. ಅವರು ಎತ್ತಿದ್ರು, ಸುಮ್ಮನಾದ್ರು. ಈಗ ಮೂರನೇ ಕ್ಲಾಸಿನವರ ಮೂರು ವಿಷಯದ ಪುಸ್ತಕ ಕ್ಲಾಸಿನ ಬೀರುವಿನಲ್ಲೇ ಇರ್ತಾವೆ. ಬೇರೆ ಕ್ಲಾಸಿಗೆ ಇನ್ನೂ ಆಗಿಲ್ಲ.

ಪೇಪರಿನವನು ಮತ್ತೆ ಬಂದಾಗ ತೂಗಿಸಿದೆ. 3 ಕೆಜಿ 300. ಇನ್ನೂ ಇಳೀಬೇಕು.

ರಾತ್ರಿ ಮಗಳು ಬಂದ ಮೇಲೆ ಹೇಳ್ದೆ. ಅವಳು ಬ್ಯಾಗನ್ನ ಒಂದು ಕೈಲಿ ಎತ್ತಿ ನೋಡಿ, "ನಂದೂ ಒಂದಿನ ತೂಗಬೇಕಿತ್ತು ಕಣಮ್ಮ" ಅಂದಳು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅಕ್ಕಂದಿರೇ, ತಂಗಿಯರೇ, ಇವತ್ತು ರಾತ್ರಿ ಪಾತ್ರೆ ತೊಳೆದ ಮೇಲೆ ನಿಮ್ಮ ಮಗುವಿನ ಬ್ಯಾಗನ್ನ ಒಂದು ಸಲ ಎತ್ತಿ ನೋಡಿ.